ಪಡುವಣ ಬಾಗಿಲ ಕಟ್ಟಳೆ

ಶಾಸನಗಳಲ್ಲಿ ಹೇಮತಟಾಕಪುರವೆಂದೂ ಜನರ ಬಾಯಲ್ಲಿ ಹೊಂಗೆರೆಯೆಂದೂ ಹೆಸರಾಗಿದ್ದ ಆ ರಾಜಧಾನಿಗೆ ಏಳು ಬಾಗಿಲುಗಳಿದ್ದುವು. ಆದರೆ ಪರದೇಶಗಳಿಂದ ಬಂದವರಿಗೆ ತೆರೆಯುತ್ತಿದ್ದುದು ಒಂದೇ ಒಂದು, ಪಡುವಣ ಬಾಗಿಲು. ಸೂರ್ಯನು ಕೆರೆಯ ಏರಿಯನ್ನು ದಾಟಿ ಅರಮನೆಯ ಹೊನ್ನಿನ ಕಳಶಗಳನ್ನು ಮುಟ್ಟುವಷ್ಟರಲ್ಲಿ ಆ ಬಾಗಿಲ ಮುಂದೆ ನಾಲ್ಕು ದಿಕ್ಕಿನ ಜನ ನೆರೆದುಬಿಡುತ್ತಿದ್ದರು. ಘಟ್ಟ ಹತ್ತಿ ಬಂದು ನೊರೆ ಕಾರುವ ಹೇರೆತ್ತುಗಳು, ಕಡಲಾಚೆಯ ಕುದುರೆಗಳನ್ನು ಹಿಡಿದು ಯಾರಿಗೂ ತಿಳಿಯದ ಭಾಷೆಯಲ್ಲಿ ಬೈಯುವ ವ್ಯಾಪಾರಿಗಳು, ಕರ್ಪೂರದ ಪೆಟ್ಟಿಗೆಗಳ ಮೇಲೆಯೇ ಕುಳಿತು ತೂಕಡಿಸುವ ಸೆಟ್ಟಿಗಳು, ಕಾಶಿಯಿಂದ ನಡೆದು ನಡೆದು ಅಂಗಾಲು ಒಡೆದ ಯಾತ್ರಿಕರು, ಪಂಜರದ ಗಿಳಿಯನ್ನು ತೊಡೆಯ ಮೇಲಿಟ್ಟುಕೊಂಡ ದೊಂಬರ ಮುದುಕಿ. ಇವರೆಲ್ಲರೂ ಕತ್ತೆತ್ತಿ ಕೋಟೆಯನ್ನು ನೋಡುತ್ತಿದ್ದರೆ ಕೋಟೆಯೂ ಇವರನ್ನು ನೋಡುತ್ತಿತ್ತು. ಅದರ ಕಣ್ಣೆಂದರೆ ಬಾಗಿಲ ಪಕ್ಕದ ಸುಂಕದ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ಹೆಗ್ಗಡೆ ಏಚಿಮಯ್ಯ.

ಏಚಿಮಯ್ಯನಿಗೆ ಆಗ ಐವತ್ತೆಂಟು ವರ್ಷ. ಸಣ್ಣ ಆಳು, ದೊಡ್ಡ ಮೀಸೆ, ಯಾರೊಡನೆಯೂ ಗಟ್ಟಿಯಾಗಿ ಮಾತನಾಡದ ಗಂಟಲು. ಬಾಗಿಲ ಬಲಗಡೆ ನೆಟ್ಟಿದ್ದ ಆಳೆತ್ತರದ ಕರಿಯ ಕಲ್ಲಿನ ಮೇಲೆ ಹತ್ತು ಕಟ್ಟಳೆಗಳನ್ನು ಕೊರೆಯಿಸಿದವನು ಅವನೇ. ಹಿರಿಯ ಮಹಾರಾಜರ ಅಪ್ಪಣೆಯಂತೆ ಓಲೆಯ ಮೇಲೆ ಬರೆದು, ತಿದ್ದಿ, ಆರು ತಿಂಗಳು ನಿದ್ದೆಗೆಟ್ಟು ಕಟ್ಟಿದ ಕಟ್ಟಳೆಗಳವು. ಬಂದವನು ಮೊದಲು ನೆರಳಲ್ಲಿ ಕುಳಿತು ನೀರು ಕುಡಿಯಬೇಕು, ಬಾಯಾರಿದವನನ್ನು ಪ್ರಶ್ನಿಸಬಾರದು ಎಂಬುದು ಮೊದಲನೆಯದು. ಆಮೇಲೆ ಹೆಸರು, ಊರು, ಬಂದ ಕೆಲಸ, ಇಳಿದುಕೊಳ್ಳುವ ಮನೆ. ಮೈಮೇಲೆ ಜ್ವರವೋ ಬೊಕ್ಕೆಯೋ ಇದ್ದವನು ಒಂಬತ್ತು ದಿನ ಹೊರಛತ್ರದಲ್ಲಿರಬೇಕು. ಬೀಜ, ಸಸಿ, ಕಡ್ಡಿಗಳನ್ನು ತೋರಿಸದೆ ಒಳಗೆ ಒಯ್ಯಕೂಡದು, ಏಕೆಂದರೆ ಹಿಂದೊಮ್ಮೆ ಯಾರೋ ತಂದ ಕಬ್ಬಿನ ತುಂಡಿನಿಂದ ಕೆರೆಯ ಕೆಳಗಿನ ಗದ್ದೆಯಷ್ಟೂ ಕೆಂಪಾಗಿ ಒಣಗಿಹೋಗಿತ್ತು. ಒಳಗೆ ಬಿಡುವಾಗ ಸುಟ್ಟ ಮಣ್ಣಿನ ಬಿಲ್ಲೆಯೊಂದನ್ನು ಎರಡಾಗಿ ಮುರಿದು ಅರ್ಧವನ್ನು ಪ್ರಯಾಣಿಕನಿಗೆ ಕೊಟ್ಟು ಅರ್ಧವನ್ನು ಕಟ್ಟೆಯಲ್ಲಿ ಇಡುತ್ತಿದ್ದರು. ಹೊರಡುವ ದಿನ ಎರಡೂ ಹೊಂದಿಕೊಂಡರೆ ಮಾತ್ರ ದಾರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊಣೆ. ಪುರದ ಗೃಹಸ್ಥನೊಬ್ಬನು ಬಂದು, ಇವನು ಮಾಡುವುದಕ್ಕೆಲ್ಲ ನಾನು ಹೊಣೆ ಎಂದು ಕಲ್ಲನ್ನು ಮುಟ್ಟಿ ಹೇಳಿದ ಹೊರತು ಪರದೇಶದವನಿಗೆ ಒಳಗೆ ಹೆಜ್ಜೆಯಿಲ್ಲ. ಸ್ತ್ರೀಯರ ಹೊಣೆ ಸಲ್ಲದು ಎಂದು ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಬರೆಯುತ್ತಿದ್ದಾಗ ಹೆಂಡತಿ ದೇಕವ್ವೆ ಹಿಂದೆ ನಿಂತು ಓದಿದ್ದಳು. ಅವಳಿಗೆ ಅಕ್ಷರ ಬರುತ್ತಿತ್ತು. ಹೆಂಗಸರದು ಯಾಕೆ ಸಲ್ಲದು ಎಂದು ಕೇಳಿದಳು. ಹೊಣೆ ತಪ್ಪಿದರೆ ಚಾವಡಿಗೆ ಎಳೆದು ತರಬೇಕಾಗುತ್ತದೆ, ಹೆಂಗಸರನ್ನು ಹಾಗೆ ಎಳೆಯಲಾದೀತೇ ಎಂದು ಅವನು ನಕ್ಕನು. ಬೇರೆ ಎಲ್ಲದಕ್ಕೂ ಎಳೆಯುತ್ತೀರಲ್ಲ ಎಂದು ಅವಳು ಒಲೆಯ ಮುಂದೆ ಹೋಗಿ ಕುಳಿತಳು. ಸಾಲು ಹಾಗೆಯೇ ಕಲ್ಲಿಗೆ ಹೋಯಿತು.

ಒಂಬತ್ತನೆಯ ಕಟ್ಟಳೆ ಆಯುಧದ್ದು. ರಾಯಭಾರಿಯೇ ಆಗಲಿ ರಾಜಬಂಧುವೇ ಆಗಲಿ, ತಂದ ಆಯುಧವನ್ನು ಕಟ್ಟೆಯ ಆಯುಧಶಾಲೆಯಲ್ಲಿ ಇಟ್ಟು ಒಳಗೆ ಹೋಗತಕ್ಕದ್ದು. ಹಾಗೆ ಇಟ್ಟದ್ದು ಇಟ್ಟವನ ಕೈಗಲ್ಲದೆ ಬೇರೆ ಕೈಗೆ ಹೋದರೆ ಬೀಗದ ಕೈಯನ್ನು ಇಟ್ಟುಕೊಂಡವನು ಪುರದಿಂದ ಹೊರಗಾಗತಕ್ಕದ್ದು, ಅಂದಿನಿಂದ ಅವನನ್ನು ಪರದೇಶದವನೆಂದೇ ಎಣಿಸತಕ್ಕದ್ದು. ಬೀಗದ ಕೈ ಇದ್ದದ್ದು ಏಚಿಮಯ್ಯನ ಸೊಂಟದಲ್ಲಿ. ನಿಮ್ಮ ಕೊರಳಿಗೆ ನೀವೇ ಯಾಕೆ ಇಷ್ಟು ಬಿಗಿಯಾಗಿ ಕಟ್ಟಿಕೊಂಡಿರಿ ಎಂದು ಜೊತೆಯವರು ಕೇಳಿದರೆ, ಇಲ್ಲದಿದ್ದರೆ ಪರದೇಶದವನು ತನ್ನ ಕತ್ತಿಯನ್ನು ನಮ್ಮ ಕೈಗೆ ಯಾವ ಧೈರ್ಯದಿಂದ ಕೊಟ್ಟಾನು ಎನ್ನುತ್ತಿದ್ದನು. ಅದೊಂದು ಹೆಮ್ಮೆ ಅವನಿಗೆ. ಆ ಹೆಮ್ಮೆಗೆ ತೆರಬೇಕಾದ ಬೆಲೆಯನ್ನು ಬೇರೆಯವರು ಎಣಿಸುತ್ತಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ.

ಆಯುಧಶಾಲೆ ಕೆರೆಯ ಬದಿಗಿತ್ತು. ಅಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಲು ನಾಲ್ಕು ದಿನ ಸಾಕು. ಆದುದರಿಂದ ಬಂದ ಪ್ರತಿಯೊಂದು ಕತ್ತಿಗೂ ಏಚಿಮಯ್ಯ ಹರಳೆಣ್ಣೆ ಸವರಿ, ಒರೆಯ ತಳಕ್ಕೆ ಒಣಗಿಸಿದ ಲಕ್ಕಿಸೊಪ್ಪನ್ನು ತುರುಕಿ ಗೂಡಿನಲ್ಲಿಡುತ್ತಿದ್ದನು. ಲಕ್ಕಿಸೊಪ್ಪು ತೇವವನ್ನು ಹೀರುತ್ತದೆ, ಹುಳವನ್ನು ಓಡಿಸುತ್ತದೆ. ಸೊಪ್ಪನ್ನು ಹಿತ್ತಿಲಲ್ಲಿ ಒಣಗಿಸಿ ಚೀಲ ತುಂಬಿ ಕೊಡುತ್ತಿದ್ದವಳು ದೇಕವ್ವೆ. ಇದು ಯಾವ ಕಟ್ಟಳೆಯಲ್ಲಿಯೂ ಇರಲಿಲ್ಲ. ಆಳುಗಳಿಗೆ ಹೇಳಿ ಮಾಡಿಸುವ ಕೆಲಸವೂ ಅಲ್ಲವೆಂದು ತನ್ನ ಕೈಯಿಂದಲೇ ಮಾಡುತ್ತಿದ್ದನು.

ಕಟ್ಟೆಯ ಕರಣಿಕ ಬೀಚಯ್ಯ. ಹದಿನೈದು ವರ್ಷದ ಹಿಂದೆ ಬಡಗಣ ಗಡಿಯಲ್ಲಿ ಊರು ಸುಟ್ಟುಹೋದಾಗ, ಉಟ್ಟ ಬಟ್ಟೆಯಲ್ಲಿ ಓಡಿಬಂದು ಹೊಣೆ ನಿಲ್ಲುವವರಿಲ್ಲದೆ ಮೂರು ದಿನ ಆ ಕಲ್ಲಿನ ಬುಡದಲ್ಲಿ ಕುಳಿತಿದ್ದವನು. ನಾಲ್ಕನೆಯ ದಿನ ಏಚಿಮಯ್ಯನೇ ಕಟ್ಟೆಯಿಂದ ಇಳಿದು ಕಲ್ಲು ಮುಟ್ಟಿ ಅವನಿಗೆ ಹೊಣೆ ನಿಂತನು, ಅಕ್ಷರ ಕಲಿಸಿದನು, ಹೆಣ್ಣು ನೋಡಿ ಮದುವೆ ಮಾಡಿಸಿದನು. ಕಟ್ಟೆಗೆ ಬಂದವರ ಹೆಸರು, ಇಟ್ಟ ಆಯುಧ, ತಂದ ಸರಕು ಎಲ್ಲವನ್ನೂ ಓಲೆಗೆ ಏರಿಸುವ ಕೆಲಸ ಈಗ ಅವನದು.

ಆ ವರ್ಷ ಘಟ್ಟದ ಕಣಿವೆಗಾಗಿ ಪಡುವಲನಾಡಿನೊಡನೆ ನಡೆಯುತ್ತಿದ್ದ ಯುದ್ಧಕ್ಕೆ ಆರನೆಯ ವರ್ಷ ತುಂಬಿತ್ತು. ಮಹಾರಾಜ ವಿಜಯಾಂಕದೇವರು ಪಟ್ಟಕ್ಕೆ ಬಂದು ಎರಡು ವರ್ಷವಾಗಿತ್ತಷ್ಟೆ. ಅವರಿಗೆ ಯುದ್ಧ ಸಾಕಾಗಿತ್ತು. ಮಹಾಪ್ರಧಾನ ವಾವಣರಸನಿಗೆ ಮಾತ್ರ ಸಾಕಾಗಿರಲಿಲ್ಲ. ಕಣಿವೆಯ ಮೂರು ದುರ್ಗಗಳೂ, ಅಲ್ಲಿಯ ಮೂವತ್ತು ಸಾವಿರ ದಂಡೂ ಅವನ ಮನೆತನದ ಕೈಯಲ್ಲಿದ್ದುವು. ಸಂಧಿಯಾದರೆ ದಂಡು ಚೆದರುತ್ತದೆ, ದಂಡು ಚೆದರಿದರೆ ವಾವಣರಸನೂ ಎಲ್ಲರಂತೆ ಅರಮನೆಯ ಮೆಟ್ಟಿಲಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹೀಗಿರುವಾಗ ಪಡುವಲನಾಡಿನ ಅರಸನು ಸಂಧಿಯ ಓಲೆಯನ್ನು ಕೊಟ್ಟು ಕೊಂಡೆಯ ಸಾವಂತನನ್ನು ಹೊಂಗೆರೆಗೆ ಕಳುಹಿಸಿದನು. ಶತ್ರುದೇಶದ ರಾಯಭಾರಿಗೆ ಹೊಣೆ ನಿಲ್ಲುವವರು ಯಾರೆಂಬ ಪ್ರಶ್ನೆ ಬಂದಾಗ ಮಹಾರಾಜರು ತಾವೇ ಹೊಣೆ ಎಂದು ಮುದ್ರೆಯೋಲೆ ಕಳುಹಿಸಿಕೊಟ್ಟರು.

ಸಾವಂತನು ನೀರು ಕುಡಿದನು, ಹೆಸರು ಹೇಳಿದನು, ಉಡುಗೊರೆಯೆಂದು ತಂದಿದ್ದ ಮೆಣಸಿನ ಬಳ್ಳಿಗಳ ಎಲೆಯನ್ನು ಏಚಿಮಯ್ಯ ಒಂದೊಂದಾಗಿ ಮಗುಚಿ ನೋಡುವವರೆಗೂ ತಾಳ್ಮೆಯಿಂದ ನಿಂತನು. ಎರಡು ಕತ್ತಿಗಳನ್ನು ಕೊಟ್ಟನು. ಸೊಂಟದ ದಂತದ ಹಿಡಿಯ ಬಾಕುವಿನ ಹತ್ತಿರ ತನ್ನ ಕೈ ಬಂದಾಗ ತಡೆದು ನಿಂತನು. ಅದು ಅವನ ತಂದೆಯದು. ತಂದೆ ಸತ್ತದ್ದು ಇದೇ ಕಣಿವೆಯಲ್ಲಿ, ಇದೇ ರಾಜ್ಯದ ದಂಡಿನ ಕೈಯಲ್ಲಿ.

"ಹೆಗ್ಗಡೆಗಳೇ, ಇದು ಇಂದಿನವರೆಗೆ ನನ್ನ ಮೈ ಬಿಟ್ಟು ಇಳಿದಿಲ್ಲ" ಎಂದನು.

"ನನ್ನ ಬೀಗದ ಕೈಯೂ ಇಳಿದಿಲ್ಲ ಸಾವಂತರೇ" ಎಂದನು ಏಚಿಮಯ್ಯ.

ಸಾವಂತನು ಕಲ್ಲಿನ ಮೇಲಿನ ಒಂಬತ್ತನೆಯ ಸಾಲನ್ನು ಓದಿ ನೋಡಿ ಬಾಕುವನ್ನು ಬಿಚ್ಚಿ ಕೊಟ್ಟನು.

ಬೀಗದ ಕೈ ಇಳಿದದ್ದು ಅದಾದ ಎರಡನೆಯ ದಿನ. ದೇಕವ್ವೆಯ ತಾಯಿ, ಕಣ್ಣು ಕಾಣದ ಮುದುಕಿ, ಮಗಳ ಮನೆಯಲ್ಲಿಯೇ ಇದ್ದವಳು, ಬೆಳಗಿನ ಜಾವ ಪಾರ್ಶ್ವವಾಯು ಬಡಿದು ಬಿದ್ದುಬಿಟ್ಟಳು. ಅವಳಿಗೆ ಗಂಡುಮಕ್ಕಳಿರಲಿಲ್ಲ, ಅಳಿಯನನ್ನೇ ಮಗನೆನ್ನುತ್ತಿದ್ದಳು. ವೈದ್ಯರನ್ನು ಕರೆತರಲು, ಎಣ್ಣೆ ಕಾಯಿಸಲು, ಎತ್ತಿ ಮಲಗಿಸಲು ಎರಡು ದಿನ ಏಚಿಮಯ್ಯ ಮನೆಯಲ್ಲಿಯೇ ನಿಲ್ಲಬೇಕಾಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಬೀಚಯ್ಯನ ಅಂಗೈಯಲ್ಲಿಟ್ಟನು. ಮಗನಂತಿದ್ದವನ ಕೈಗೆ ಕೊಟ್ಟದ್ದನ್ನು ಕೊಟ್ಟೆನೆಂದೇ ಅವನು ಭಾವಿಸಲಿಲ್ಲ.

ಐದನೆಯ ದಿನ ಸಂಧಿಯ ಮಾತಿಗೆ ಸಭೆ ಕೂಡಿತು. ಮಹಾರಾಜರಿಗೆ ಅರ್ಪಿಸಲು ಸಾವಂತನು ತಂದಿದ್ದ ಕರಡಿಗೆಯನ್ನು, ಹಿಂದಿನ ದಿನದಿಂದ ಅರಮನೆಯ ಉಗ್ರಾಣದಲ್ಲಿದ್ದುದನ್ನು, ತಂದು ಮುಚ್ಚಳ ತೆರೆದಾಗ ರೇಷ್ಮೆಯ ಮಡಿಕೆಯ ಅಡಿಯಲ್ಲಿ ದಂತದ ಹಿಡಿಯ ಬಾಕು ಸಿಕ್ಕಿತು. ರಾಯಭಾರಿಯ ವೇಷದಲ್ಲಿ ಘಾತುಕನು ಬಂದಿದ್ದಾನೆಂದು ವಾವಣರಸನು ಎದ್ದು ನಿಂತನು. ಬಾಕು ನನ್ನದು ಹೌದು, ಆದರೆ ಅದನ್ನು ನಾನು ಪಡುವಣ ಬಾಗಿಲಲ್ಲಿ ಕೊಟ್ಟು ಬಂದಿದ್ದೇನೆ ಎಂದು ಸಾವಂತನು ಹೇಳಿದನು. ಹಾಗಾದರೆ ಕಟ್ಟೆಯ ಓಲೆ ಏನೆನ್ನುತ್ತದೆಂದು ನಾಳೆ ಮಧ್ಯಾಹ್ನದ ಸಭೆಯಲ್ಲಿ ಹೆಗ್ಗಡೆಯೇ ಬಂದು ಹೇಳಲಿ. ಕೊಟ್ಟಿಲ್ಲವೆಂದಾದರೆ ಸೂರ್ಯಾಸ್ತಕ್ಕೆ ಮುಂಚೆ ತಲೆದಂಡ, ಮರುದಿನ ಘಟ್ಟಕ್ಕೆ ದಂಡು ಎಂದು ತೀರ್ಮಾನವಾಯಿತು. ಸಾವಂತನನ್ನು ಸೆರೆಗೆ ಒಯ್ದರು.

ಸುದ್ದಿ ಕೇಳಿದ ಏಚಿಮಯ್ಯ ಓಡುತ್ತಾ ಆಯುಧಶಾಲೆಗೆ ಬಂದನು. ಬೀಗ ಹಾಕಿದಂತೆಯೇ ಇತ್ತು. ಬೀಚಯ್ಯನಿಂದ ಬೀಗದ ಕೈ ತೆಗೆದುಕೊಂಡು ತೆರೆದು ನೋಡಿದರೆ ಸಾವಂತನ ಗೂಡಿನಲ್ಲಿ ಎರಡು ಕತ್ತಿಗಳು ಮಾತ್ರ. ಓಲೆಯ ಕಟ್ಟನ್ನು ಬಿಚ್ಚಿ ನೋಡಿದರೆ ಅಲ್ಲಿಯೂ ಕತ್ತಿ ಎರಡು ಎಂದು ಬರೆದಿತ್ತು. ಮಿಕ್ಕ ಓಲೆಗಳು ಕಂದಿದ್ದರೆ ಆ ಒಂದು ಓಲೆ ಮಾತ್ರ ಹೊಸದಾಗಿ ಬೆಳ್ಳಗಿತ್ತು. ಅವನು ತಲೆಯೆತ್ತಿ ಬೀಚಯ್ಯನನ್ನು ನೋಡಿದನು. ಬೀಚಯ್ಯ ಅಕ್ಷರಕ್ಕೆ ತುಂಬುವ ಮಸಿಯನ್ನು ಅರೆಯುತ್ತಿದ್ದವನು ಅರೆಯುತ್ತಲೇ ಇದ್ದನು. ತಲೆ ತಗ್ಗಿಸಿಕೊಂಡೇ ಒಂದು ಮಾತು ಹೇಳಿದನು.

"ಒಡೆಯರೇ, ನನ್ನ ಮಕ್ಕಳು ಚಿಕ್ಕವರು. ಮಹಾಪ್ರಧಾನರು ಅವರ ಹೆಸರು ಹಿಡಿದು ಕೇಳಿದರು."

ಏಚಿಮಯ್ಯನಿಗೆ ಹೊಡೆಯಬೇಕೆನ್ನಿಸಿತು, ಅಳಬೇಕೆನ್ನಿಸಿತು. ಎರಡನ್ನೂ ಮಾಡದೆ ಅವನು ಬೀಗ ಹಾಕಿ ಹೊರಬಂದನು.

ಅಂದು ಮಧ್ಯಾಹ್ನವೇ ಮಹಾಪ್ರಧಾನನ ಮನೆಯಿಂದ ಕರೆ ಬಂತು. ವಾವಣರಸನು ಮನೆಗೆ ಬಂದವರನ್ನು ಎಂದೂ ನಿಲ್ಲಿಸಿ ಮಾತನಾಡಿಸಿದವನಲ್ಲ. ಮಣೆ ಹಾಕಿಸಿದನು, ತಾಂಬೂಲ ಕೊಡಿಸಿದನು, ಅತ್ತೆಯವರ ಆರೋಗ್ಯ ವಿಚಾರಿಸಿದನು.

"ಹೆಗ್ಗಡೆಗಳೇ, ನಾಳೆ ಸಭೆಯಲ್ಲಿ ಓಲೆಯಲ್ಲಿದ್ದುದನ್ನು ಓದಿರಿ, ಸಾಕು. ಸುಳ್ಳು ಹೇಳಿರೆಂದು ನಿಮ್ಮಂಥವರಿಗೆ ನಾನು ಹೇಳುವವನಲ್ಲ."

"ಓಲೆಯೇ ಸುಳ್ಳು ಹೇಳುತ್ತಿದ್ದರೆ ಪ್ರಭುಗಳು ಏನು ಅಪ್ಪಣೆ ಕೊಡಿಸುತ್ತೀರಿ?"

ವಾವಣರಸನು ಅಡಕೆಯ ಹೋಳೊಂದನ್ನು ಆರಿಸಿಕೊಂಡನು. "ಬಾಕು ನಿಮ್ಮ ಬೀಗದೊಳಗಿತ್ತೆಂದು ನೀವು ಹೇಳಿದಿರಿ ಎನ್ನೋಣ. ಆಗ ಅದು ಹೊರಗೆ ಬಂದದ್ದಕ್ಕೆ ಉತ್ತರ ಹೇಳಬೇಕಾದವರು ಯಾರು? ಒಂಬತ್ತನೆಯ ಕಟ್ಟಳೆ ನನಗಿಂತ ನಿಮಗೆ ಚೆನ್ನಾಗಿ ಬಾಯಿಪಾಠ. ಯಾರೋ ಪರದೇಶದವನಿಗಾಗಿ ಈ ವಯಸ್ಸಿನಲ್ಲಿ ನೀವು ಪರದೇಶದವರಾಗುವುದು ನನಗೆ ಇಷ್ಟವಿಲ್ಲ."

ಮನೆಗೆ ಬಂದು ಏಚಿಮಯ್ಯ ಎಲ್ಲವನ್ನೂ ಹೆಂಡತಿಯ ಮುಂದೆ ಹೇಳಿದನು. ಅವಳು ತಾಯಿಗೆ ಗಂಜಿ ಕುಡಿಸುತ್ತಾ ಕಿವಿಗೊಟ್ಟಳು. ಸುಮ್ಮನಿದ್ದರೆ ಮನೆ ಉಳಿಯುತ್ತದೆ, ಕಟ್ಟೆ ಉಳಿಯುತ್ತದೆ. ನಂಬಿ ಬಾಕು ಕೊಟ್ಟವನ ತಲೆ ಉರುಳುತ್ತದೆ, ಘಟ್ಟದಲ್ಲಿ ಮತ್ತೆ ಹೆಣ ಬೀಳುತ್ತವೆ. ಹೇಳಿದರೆ ಅವನು ಬದುಕುತ್ತಾನೆ, ನಾನು ಬಾಗಿಲಾಚೆ ಬೀಳುತ್ತೇನೆ. ಈ ಸ್ಥಿತಿಯಲ್ಲಿ ಅತ್ತೆಯನ್ನು ಎತ್ತಿಕೊಂಡು ಹೋಗಲಾಗದು, ಬಿಟ್ಟು ನೀನು ಬರಲಾಗದು. ಏನು ಮಾಡಲಿ ಎಂದನು. ಅವಳು ಮುದುಕಿಯ ಬಾಯಿ ಒರೆಸಿ, ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

"ಬರೆದವರು ನೀವು. ಬೇರೆಯವರಿಗೆಂದು ಬರೆದಿದ್ದಿರೇನು?" ಎಂದಳು. ಹಾಗೆ ಹೇಳಿ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನದ ಸಭೆಯಲ್ಲಿ ಕಂಬಕಂಬಕ್ಕೂ ಜನ. ನಡುವೆ ಸರಪಳಿಯಲ್ಲಿ ಸಾವಂತ, ಅವನ ಮುಂದೆ ಪೀಠದ ಮೇಲೆ ಬಾಕು. ಅಲಗನ್ನು ಯಾರೋ ಚೆನ್ನಾಗಿ ಒರೆಸಿ ಹರಳೆಣ್ಣೆಯ ಕುರುಹೂ ಇಲ್ಲದಂತೆ ಮಾಡಿದ್ದರು, ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಅದರ ಒರೆ. ಓಲೆಯ ಕಟ್ಟನ್ನು ಹಿಡಿದು ಬೀಚಯ್ಯ ಹಿಂದೆ ನಿಂತಿದ್ದನು. ಓದಿರೆಂದು ಅಪ್ಪಣೆಯಾಯಿತು. ಏಚಿಮಯ್ಯ ಓಲೆಯನ್ನು ಮುಟ್ಟಲಿಲ್ಲ. ಒರೆಯನ್ನು ಕೊಡಿಸಬೇಕೆಂದು ಬೇಡಿದನು. ತನ್ನ ಬಿಳಿಯ ಉತ್ತರೀಯವನ್ನು ನೆಲಕ್ಕೆ ಹಾಸಿ, ಒರೆಯನ್ನು ಅದರ ಮೇಲೆ ತಲೆಕೆಳಗಾಗಿ ಹಿಡಿದು ಎರಡು ಸಲ ತಟ್ಟಿದನು. ಬೂದಿಹಸಿರಿನ ಪುಡಿ ಉದುರಿತು, ಅದರ ಹಿಂದೆ ಸುರುಟಿದ ನಾಲ್ಕಾರು ಎಲೆಗಳು. ಲಕ್ಕಿಸೊಪ್ಪಿನ ಕಟುವಾಸನೆ ಸಿಂಹಾಸನದವರೆಗೂ ಹೋಯಿತು.

ಕತ್ತಿ ಹಿಡಿಯುವವರೆಲ್ಲ ಒರೆಯಿಂದ ಕತ್ತಿಯನ್ನು ಎಳೆಯುತ್ತಾರೆ. ಒರೆಯೊಳಗೆ ಏನಿದೆಯೆಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ವಾವಣರಸನ ಜನರೂ ಹೋಗಿರಲಿಲ್ಲ. ಏಚಿಮಯ್ಯನ ಬೇಡಿಕೆಯಂತೆ ಆಯುಧಶಾಲೆಯಿಂದ ಬೇರೆ ಬೇರೆ ದೇಶದವರ ಐದು ಒರೆಗಳನ್ನು ತರಿಸಿ ತಟ್ಟಿಸಿದರು. ಐದರಿಂದಲೂ ಅದೇ ಸೊಪ್ಪು ಬಿತ್ತು. ಪಡುವಲನಾಡಿನವರು ಒರೆಯಲ್ಲಿ ಏನಿಡುತ್ತೀರೆಂದು ಮಹಾರಾಜರು ಕೇಳಿದರು. ಏನೂ ಇಡುವುದಿಲ್ಲವೆಂದು ಸಾವಂತನು ಆ ಎಲೆಗಳನ್ನೇ ನೋಡುತ್ತಾ ಹೇಳಿದನು.

"ಮಹಾಸ್ವಾಮಿ, ಈ ಬಾಕು ನನ್ನ ಬೀಗದೊಳಗಿದ್ದದ್ದು. ಒರೆಗೆ ಸೊಪ್ಪು ತುಂಬಿದ್ದು ನನ್ನ ಕೈ. ಓಲೆ ಏನೇ ಹೇಳಲಿ, ಸಾವಂತರು ಬರಿಗೈಯಲ್ಲಿ ಪುರಪ್ರವೇಶ ಮಾಡಿದರು. ನಿಮ್ಮ ಹೊಣೆಗೆ ಅವರು ಕುಂದು ತಂದಿಲ್ಲ."

ಮಹಾರಾಜರು ಮುಂದಕ್ಕೆ ಬಾಗಿದರು.

"ಬೀಗದ ಕೈ ಯಾರಲ್ಲಿತ್ತು, ಹೆಗ್ಗಡೆ?"

ಬೀಚಯ್ಯನ ಹೆಸರು ಹೇಳಿದರೆ ಅದು ರಾಜದ್ರೋಹ; ಅವನ ತಲೆ ಹೋಗುತ್ತದೆ. ಕೊರಡೆಯ ಏಟಿಗೆ ಅವನು ಮಹಾಪ್ರಧಾನನ ಹೆಸರನ್ನೂ ಹೇಳುತ್ತಾನೆ. ಮೂವತ್ತು ಸಾವಿರ ದಂಡಿನ ಒಡೆಯನನ್ನು ಮುಟ್ಟುವ ಶಕ್ತಿ ಈ ಎಳೆಯ ಅರಸನಿಗಿಲ್ಲ. ಇದೆಲ್ಲವನ್ನೂ ಅವನು ಯೋಚಿಸಿದನೆಂದು ಮುಂದೆ ಹೊಗಳುವವರು ಹೇಳಿದರು. ನನಗೆ ಹಾಗೆನ್ನಿಸುವುದಿಲ್ಲ. ಹದಿನೈದು ವರ್ಷದ ಹಿಂದೆ ಕಲ್ಲು ಮುಟ್ಟಿ ಇವನಿಗೆ ನಾನು ಹೊಣೆ ಎಂದಿದ್ದನು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

"ನನ್ನಲ್ಲಿ, ಮಹಾಸ್ವಾಮಿ" ಎಂದನು.

ವಾವಣರಸನೇ ಮೊದಲು ಎದ್ದನು. ಇಷ್ಟು ದೊಡ್ಡ ಸಂಚು ಸುಂಕದ ಕಟ್ಟೆಯಲ್ಲಿಯೇ ಹುಟ್ಟಿತೆಂದು ತಿಳಿದು ತನಗೆ ಅತ್ಯಂತ ದುಃಖವಾಗಿದೆಯೆಂದೂ, ಹೆಗ್ಗಡೆಯವರ ಹಳೆಯ ಸೇವೆಯನ್ನು ನೆನೆದು ಹೆಚ್ಚಿನ ವಿಚಾರಣೆ ಬೇಡ, ಕಟ್ಟಳೆ ಹೇಳಿದಷ್ಟೇ ಆಗಲೆಂದೂ ಬಿನ್ನವಿಸಿದನು. ಅವನ ಕಣ್ಣಲ್ಲಿ ನೀರೂ ಬಂದಿತ್ತು. ಮಹಾರಾಜರಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾದದ್ದನ್ನು ಬಾಯಿಬಿಟ್ಟು ಹೇಳುವ ಬಲ ಇರಲಿಲ್ಲ. ಸಾವಂತನ ಸರಪಳಿ ಬಿಚ್ಚಿಸಿದರು, ಸಂಧಿಯ ಓಲೆಗೆ ಅಲ್ಲಿಯೇ ಮುದ್ರೆಯೊತ್ತಿದರು. ಆಮೇಲೆ ಏಚಿಮಯ್ಯನ ಮುಖ ನೋಡದೆ, ಒಂಬತ್ತನೆಯ ಕಟ್ಟಳೆಯಂತೆ ಆಗಲಿ ಎಂದರು. ಸಂಧಿಯನ್ನು ನಿರ್ವಿಘ್ನವಾಗಿ ನೆರವೇರಿಸಿದ ಮಹಾಪ್ರಧಾನನಿಗೆ ಜರಿಯ ಶಾಲು ಹೊದಿಸಿದರು.

ಬಿಸಿಲು ಇಳಿಯುವ ಮೊದಲೇ ಏಚಿಮಯ್ಯನನ್ನು ಪಡುವಣ ಬಾಗಿಲಿನಿಂದ ಹೊರಗೆ ಬಿಟ್ಟರು. ಮೂವತ್ತು ವರ್ಷ ಆ ಬಾಗಿಲನ್ನು ಕಾದವನಿಗೆ ಅದರ ಹೊರಮೈ ಇಷ್ಟು ಎತ್ತರವೆಂದು ಅಂದೇ ತಿಳಿದದ್ದು. ಮರುದಿನ ಸಾವಂತನು ತನ್ನ ಅರ್ಧ ಬಿಲ್ಲೆಯನ್ನು ಕೊಟ್ಟು, ಬಾಕುವನ್ನು ತೆಗೆದುಕೊಂಡು ಹೊರಬಂದಾಗ ಹೊರಛತ್ರದ ಜಗಲಿಯ ಮೇಲೆ ಕುಳಿತಿದ್ದವನನ್ನು ಕಂಡು ಕುದುರೆಯಿಂದ ಇಳಿದನು. ನಮ್ಮ ನಾಡಿಗೆ ಬನ್ನಿ, ಮನೆಯಿದೆ ಎಂದು ಕೈಹಿಡಿದು ಕರೆದನು. ಒಳಗೆ ನನ್ನವರಿದ್ದಾರೆ, ಇಲ್ಲಿಂದಾದರೆ ಕೋಟೆಯಾದರೂ ಕಾಣುತ್ತದೆ ಎಂದು ಏಚಿಮಯ್ಯ ಒಪ್ಪಲಿಲ್ಲ. ಹೆಂಡತಿಯ ಹೆಸರೇನೆಂದು ಕೇಳಿಕೊಂಡು ಸಾವಂತನು ಹೊರಟುಹೋದನು.

ಒಂದು ವರ್ಷ ಹೊರಛತ್ರದಲ್ಲಿ ಕಳೆಯಿತು. ಸಂಧಿಯ ದೆಸೆಯಿಂದ ಕಣಿವೆಯ ದಾರಿ ತೆರೆದಿತ್ತು. ಬರುವ ಪ್ರಯಾಣಿಕರು ಮೊದಲಿಗಿಂತ ಇಮ್ಮಡಿಯಾಗಿದ್ದರು. ಒಳಗೆ ಏನು ಕೇಳುತ್ತಾರೆ, ಸಸಿಗಳನ್ನು ಹೇಗೆ ತೋರಿಸಬೇಕು, ಬಿಲ್ಲೆಯನ್ನು ಎಲ್ಲಿ ಕಟ್ಟಿಕೊಂಡರೆ ಕಳೆಯುವುದಿಲ್ಲ ಎಂದು ಅವರಿಗೆ ಹೇಳಿಕೊಡುವ ಮುದುಕನೊಬ್ಬನಿದ್ದಾನೆಂದು ದೂರದೇಶದಲ್ಲಿಯೂ ಮಾತಾಯಿತು. ಅವನಿಂದ ಕಲಿತು ಅವರು ಒಳಗೆ ಹೋಗುತ್ತಿದ್ದರು, ಅವನು ಹೊರಗೆ ಇರುತ್ತಿದ್ದನು. ವಾರಕ್ಕೊಮ್ಮೆ ದೇಕವ್ವೆ ಬಾಗಿಲವರೆಗೆ ಬಂದು ಅನ್ನದ ಗಂಟನ್ನು ಹೊಸ್ತಿಲಾಚೆ ಇಟ್ಟು, ತಾಯಿಯನ್ನು ಒಬ್ಬಳನ್ನೇ ಬಹಳ ಹೊತ್ತು ಬಿಡಲಾಗದೆ ಓಡುತ್ತಿದ್ದಳು.

ಮಾಘಮಾಸದ ಒಂದು ಬೆಳಿಗ್ಗೆ ಅವಳು ಗಂಟಿಲ್ಲದೆ ಬಂದಳು. ಮುದುಕಿಗೆ ಇಂದೋ ನಾಳೆಯೋ ಎಂಬಂತಾಗಿತ್ತು. ಮಗ ಎಲ್ಲಿ, ಅವನ ಕೈಯಲ್ಲಿ ನೀರು ಹಾಕಿಸು ಎಂದು ಒಂದೇ ಸಮನೆ ಕೇಳುತ್ತಿದ್ದಳು. ಏಚಿಮಯ್ಯ ಮುಖ ತೊಳೆದು, ಒಗೆದ ಪಂಚೆಯುಟ್ಟು ಸುಂಕದ ಕಟ್ಟೆಯ ಮುಂದೆ ಸಾಲಿನಲ್ಲಿ ನಿಂತನು. ಕಟ್ಟೆಯ ಮೇಲೆ ಕುಳಿತಿದ್ದವನು ಹೆಗ್ಗಡೆ ಬೀಚಯ್ಯ. ನೆರಳಲ್ಲಿ ಕುಳ್ಳಿರಿಸಿ ನೀರು ಕೊಡಿಸಿದನು. ಹೆಸರು ಕೇಳಿದನು, ಏಚಿಮಯ್ಯ ಹೇಳಿದನು. ಊರು ಕೇಳಿದಾಗ ಹೊರಛತ್ರ ಎಂದನು.

"ಹೊಣೆ ಯಾರು?" ಬೀಚಯ್ಯನ ಧ್ವನಿ ಓಲೆಗೇ ಕೇಳಿಸುವಷ್ಟು ಮೆಲ್ಲಗಿತ್ತು.

ಬಂಧುಗಳು, ಗೆಳೆಯರು, ಅನ್ನ ತಿಂದವರು ಎಂದು ಹನ್ನೊಂದು ಮನೆಗೆ ದೇಕವ್ವೆ ಹೋಗಿಬಂದಿದ್ದಳು. ಮಹಾಪ್ರಧಾನನ ಕಣ್ಣಿಗೆ ಬೀಳುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಒಬ್ಬನಿಗೆ ಜ್ವರ, ಇನ್ನೊಬ್ಬ ಊರಲ್ಲಿಲ್ಲ, ಮತ್ತೊಬ್ಬನ ಹೆಂಡತಿಯೇ ಬಾಗಿಲಿಗೆ ಬಂದು ಕೈಮುಗಿದಳು. ಏಚಿಮಯ್ಯ ಬೀಚಯ್ಯನ ಮುಖವನ್ನೇ ನೋಡಿದನು. ಬೀಚಯ್ಯನೂ ಪುರದ ಗೃಹಸ್ಥನೇ. ಕಟ್ಟೆಯಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಕಲ್ಲು. ಅವನು ಇಳಿಯಲಿಲ್ಲ. ಬರೆಯುವ ಕಂಟವನ್ನು ಓಲೆಯ ಮೇಲೆ ಊರಿ ಹಾಗೆಯೇ ಕುಳಿತನು.

ಆಗ ದೇಕವ್ವೆ ಮುಂದೆ ಬಂದು ಕಲ್ಲಿನ ಮೇಲೆ ಅಂಗೈಯಿಟ್ಟಳು. "ನಾನು ಹೊಣೆ, ಬರೆಯಪ್ಪ."

"ಅಮ್ಮ, ಸ್ತ್ರೀಯರದು..." ಎಂದು ಬೀಚಯ್ಯ ಅರ್ಧಕ್ಕೆ ನಿಲ್ಲಿಸಿದನು. ಮುಂದಿನದು ಅವಳ ಕೈಯ ಕೆಳಗೇ ಕೊರೆದಿತ್ತು. ಅವಳು ಕೈ ತೆಗೆದು ಆ ಸಾಲನ್ನು ನೋಡಿದಳು, ಗಂಡನನ್ನು ನೋಡಿದಳು. ಬಾಗಿಲ ಭಟನೊಬ್ಬನು ಕನಿಕರಗೊಂಡು, ನಾವು ಆ ಕಡೆ ತಿರುಗಿ ನಿಲ್ಲುತ್ತೇವೆ, ನೀವು ಹೋಗಿಬಿಡಿ ಒಡೆಯರೇ ಎಂದು ಪಿಸುಗುಟ್ಟಿದನು. ಏಚಿಮಯ್ಯ ತಲೆಯಾಡಿಸಿದನು. ಈ ಕಲ್ಲಿಗಾಗಿ ಎಲ್ಲವನ್ನೂ ಕಳೆದುಕೊಂಡ ಮೇಲೆ ಇದನ್ನೂ ಸುಳ್ಳು ಮಾಡಿದರೆ ತನಗೆ ಏನೂ ಉಳಿಯುವುದಿಲ್ಲವೆಂದು ಅವನಿಗೆ ಅನ್ನಿಸಿತು. ಅದು ಸರಿಯೋ ತಪ್ಪೋ ನಾನರಿಯೆ. ದೇಕವ್ವೆ ಅದನ್ನು ಆ ದಿನ ಕ್ಷಮಿಸಲಿಲ್ಲವೆಂಬುದನ್ನು ಮಾತ್ರ ಬಲ್ಲೆ. ಅವಳು ಒಬ್ಬಳೇ ಹಿಂದಿರುಗಿದಳು. ಮುದುಕಿ ಮಧ್ಯಾಹ್ನ ತೀರಿಕೊಂಡಳು.

ಚಟ್ಟ ಪಡುವಣ ಬಾಗಿಲಿನಿಂದಲೇ ಹೊರಬಂತು. ಸ್ಮಶಾನ ಕೋಟೆಯ ಹೊರಗಿತ್ತು. ಹೆಣಕ್ಕೆ ಬಿಲ್ಲೆಯೂ ಬೇಡ, ಹೊಣೆಯೂ ಬೇಡ. ಏಚಿಮಯ್ಯ ಹೊಸ್ತಿಲಾಚೆಯಿಂದ ಹೆಗಲು ಕೊಟ್ಟು, ಬೇಡಿದ ನೀರನ್ನು ತುಟಿ ತಣ್ಣಗಾದ ಮೇಲೆ ಹಾಕಿದನು.

ಉತ್ತರಕ್ರಿಯೆಗಳು ಮುಗಿದ ಮರುದಿನ ಬೆಳಿಗ್ಗೆ ದೇಕವ್ವೆ ಒಂದು ಗಂಟನ್ನು ಹೊತ್ತು ಕಟ್ಟೆಯ ಮುಂದೆ ನಿಂತಳು. ಪುರದವರು ಹೊರದೇಶಕ್ಕೆ ಹೊರಟರೂ, ತಿರುಗಿ ಬರುವರೆಂಬುದಕ್ಕೆ ಹೊಣೆಗಾರನ ಹೆಸರನ್ನು ಬರೆಸಿ ಹೋಗಬೇಕೆಂಬುದು ಹತ್ತನೆಯ ಕಟ್ಟಳೆ. ಬೀಚಯ್ಯ ಓಲೆಯನ್ನು ಎತ್ತಿಕೊಂಡನು.

"ನಿಮಗೆ ಹೊಣೆ ಯಾರಮ್ಮ?"

"ನನ್ನ ಹೊಣೆ ಹೊರಗೆ ಕುಳಿತಿದ್ದಾರೆ" ಎಂದಳು ದೇಕವ್ವೆ. "ನಿನಗೂ ಒಂದು ಕಾಲದಲ್ಲಿ ಅವರೇ ಹೊಣೆ. ಓಲೆಯಲ್ಲಿ ಇನ್ನೂ ಇದ್ದರೆ ನೋಡಿಕೋ."

ಬೀಚಯ್ಯ ಏನು ಬರೆದನೆಂದು ಯಾರಿಗೂ ತಿಳಿಯದು. ಅವಳು ಹೊಸ್ತಿಲು ದಾಟಿದಳು.

ಇಬ್ಬರೂ ಘಟ್ಟದ ದಾರಿ ಹಿಡಿದರು. ಹೆಣ ಬೀಳುತ್ತಿದ್ದ ಕಣಿವೆಯಲ್ಲಿ ಈಗ ಹೇರೆತ್ತುಗಳ ಗಂಟೆ ಕೇಳಿಸುತ್ತಿತ್ತು. ಆ ದಾರಿ ಯಾರಿಂದ ತೆರೆಯಿತೆಂದು ಅಲ್ಲಿ ನಡೆಯುವವರಿಗೆ ಗೊತ್ತಿರಲಿಲ್ಲ. ಒಂಬತ್ತನೆಯ ದಿನ ಪಡುವಲನಾಡಿನ ಗಡಿಯ ಸುಂಕದ ಕಟ್ಟೆ ಸಿಕ್ಕಿತು. ಅಲ್ಲಿಯ ಅಧಿಕಾರಿ ಕೂರಿಸಿ ನೀರು ಕೊಟ್ಟನು. ಹೊಂಗೆರೆಯಿಂದ ಹಿಂದಿರುಗಿದ ಮೇಲೆ ಸಾವಂತರು ಮಾಡಿಸಿದ ಹೊಸ ನಿಯಮವಂತೆ. ಹೆಸರು ಕೇಳಿ ಬರೆದುಕೊಂಡು ಹೊಣೆ ಯಾರೆಂದನು. ಯಾರೂ ಇಲ್ಲವೆಂದು ಹೇಳಿ ಏಚಿಮಯ್ಯ ಎದ್ದು ನಿಂತನು. ಅಧಿಕಾರಿ ಆ ಹೆಸರನ್ನು ಇನ್ನೊಮ್ಮೆ ಓದಿ, ಒಳಗೆ ಹೋಗಿ ಹಳೆಯ ಓಲೆಯೊಂದನ್ನು ಹುಡುಕಿ ತಂದನು.

"ಕೊಂಡೆಯ ಸಾವಂತರು ಹೋದ ವರ್ಷವೇ ಹೊಣೆ ಬರೆಸಿದ್ದಾರೆ. ಹೆಗ್ಗಡೆ ಏಚಿಮಯ್ಯ, ಅವರ ಧರ್ಮಪತ್ನಿ ದೇಕವ್ವೆ. ಎಂದು ಬಂದರೂ ಸಲ್ಲುವುದು ಎಂದಿದೆ."

ಸಭೆಯಲ್ಲಿ ಅಳದವನು, ಬಾಗಿಲಾಚೆ ಬಿದ್ದಾಗ ಅಳದವನು, ಹುಟ್ಟಿ ಬೆಳೆದ ಊರಿನಲ್ಲಿ ಹನ್ನೊಂದು ಮನೆಯವರು ಕೊಡದಿದ್ದ ಮಾತು ಶತ್ರುದೇಶದ ಓಲೆಯಲ್ಲಿ ಇದ್ದದ್ದನ್ನು ಕಂಡು ಮುಖಕ್ಕೆ ಉತ್ತರೀಯ ಒತ್ತಿಕೊಂಡನು. ಅಧಿಕಾರಿ ಬಿಲ್ಲೆಯನ್ನು ಮುರಿದು ಅರ್ಧವನ್ನು ದೇಕವ್ವೆಯ ಕೈಗೆ ಕೊಟ್ಟನು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾ, ಅಣ್ಣಾ, ನಿಮ್ಮಲ್ಲಿ ಹೆಂಗಸರ ಹೊಣೆ ಸಲ್ಲುತ್ತದೆಯೇ ಎಂದು ಕೇಳಿದಳು.

"ಸಲ್ಲದೇ ಏನು ತಾಯಿ? ಮಾತು ಕೊಟ್ಟರೆ ಯಾರದಾದರೂ ಮಾತೇ ಅಲ್ಲವೇ" ಎಂದನು ಅವನು.

ದೇಕವ್ವೆ ಗಂಟನ್ನು ಎತ್ತಿಕೊಂಡು ಮುಂದೆ ನಡೆದಳು. ಏಚಿಮಯ್ಯ ತಲೆ ತಗ್ಗಿಸಿಕೊಂಡು ಅವಳ ಹಿಂದೆ ನಡೆದನು.